ಪಂಟ್ ಬಂದಾಗ ಎದ್ದು ಹೋಗಬೇಡಿ

ಮೊನ್ನೆ ಶನಿವಾರ ಮ್ಯಾಚ್ ನೋಡಲು ನಮ್ಮ ಮನೆಯಲ್ಲಿ ಸ್ನೇಹಿತರೆಲ್ಲ ಸೇರಿದ್ದರು. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಒಮಾಹಾಕ್ಕೆ ಬಂದ ಮೇಲೆ ನನಗೆ ಈ ಕಾಲೇಜ್ ಮಟ್ಟದ ಅಮೆರಿಕನ್ ಫುಟ್‌ಬಾಲ್ ಹುಚ್ಚು ಹೇಗೆ ಹತ್ತಿತು ಅಂತ ನಿಮಗೆಲ್ಲ ಗೊತ್ತೇ ಇದೆ. ನಾಲ್ಕನೇ ಡೌನ್ ಬಂತು, ಅಂದರೆ ಹತ್ತು ಯಾರ್ಡ್ ಮುಂದೆ ಸಾಗಲು ಸಿಗುವ ನಾಲ್ಕು ಅವಕಾಶಗಳಲ್ಲಿ ಕೊನೆಯದು. ಚೆಂಡನ್ನು ಎದುರಾಳಿಯ ಕಡೆಗೆ ದೂರ ಒದ್ದುಬಿಡುವುದೇ ಪಂಟ್; ಒದೆಯುವ ಪಂಟರ್ ಹಿಂದೆ ಹೋಗಿ ನಿಂತ. ಅಷ್ಟೇ, ಸೋಫಾ ಖಾಲಿ! ಒಬ್ಬರು ಚಿಪ್ಸ್ ತರಲು ಎದ್ದರು, ಇನ್ನೊಬ್ಬರು ಫೋನ್ ತೆಗೆದರು, ಮತ್ತೊಬ್ಬರು ಟೀ ಇಡಲಾ ಅಂತ ಅಡುಗೆಮನೆಯಿಂದ ಕೂಗಿದರು. ಸ್ವಲ್ಪ ಕೂತ್ಕೊಳ್ರೀ ಅಂದೆ. ಅದಕ್ಕೆ ನಮ್ಮ ಗುಂಪಿನ ಒಬ್ಬ ಹುಡುಗ, "ಬಿಡಿ ಸಾರ್, ಪಂಟ್ ರಿಟರ್ನರ್ ಏನ್ ಮಾಡ್ತಾನೆ? ಬಾಲ್ ಹಿಡಿದು ಓಡ್ತಾನೆ, ಅಷ್ಟೇ ತಾನೆ" ಅಂದ.

ಆ ಮಾತು ನನಗೆ ಇನ್ನೂ ಚುಚ್ಚುತ್ತಿದೆ.

ಅಷ್ಟೇ ತಾನೆ ಅಂದರೆ ಏನು? ಕ್ರಿಕೆಟ್‌ನಲ್ಲಿ ಲಾಂಗ್ ಆನ್‌ನಲ್ಲಿ ನಿಂತವನ ಕಡೆ ಆಕಾಶಕ್ಕೆ ಹೋದ ಚೆಂಡು ಬರುತ್ತಿದೆ ಅಂದುಕೊಳ್ಳಿ. ಅದೇ ಎಷ್ಟು ಕಷ್ಟ ಅಂತ ಗೊತ್ತಲ್ವಾ? ಈಗ ಅದೇ ಹೊತ್ತಿಗೆ ಎದುರು ತಂಡದವರು ಅವನನ್ನು ಕೆಡವಲೆಂದೇ ಪೂರ್ತಿ ವೇಗದಲ್ಲಿ ಓಡಿಬರುತ್ತಿದ್ದಾರೆ. ಅವನು ಅವರ ಕಡೆ ನೋಡುವ ಹಾಗಿಲ್ಲ, ಕಣ್ಣು ಚೆಂಡಿನ ಮೇಲೇ ಇರಬೇಕು. ಬೇಕಿದ್ದರೆ ಕೈ ಎತ್ತಿ ಬೀಸಿ ಫೇರ್ ಕ್ಯಾಚ್ ಕೇಳಬಹುದು. ಆಗ ಯಾರೂ ಮುಟ್ಟುವುದಿಲ್ಲ, ಆದರೆ ಓಡುವಂತೆಯೂ ಇಲ್ಲ. ಕೈ ಎತ್ತಬೇಕೋ ಬೇಡವೋ ಅಂತ ಚೆಂಡು ಗಾಳಿಯಲ್ಲಿ ಇರುವಾಗಲೇ ತೀರ್ಮಾನ ಮಾಡಬೇಕು. ಚೆಂಡು ಕೈಗೆ ತಾಗಿ ಜಾರಿದರೆ ಅದು ಎದುರಾಳಿಯ ಪಾಲಾಗಬಹುದು. ಇಡೀ ಮೈದಾನದಲ್ಲಿ ಇಷ್ಟು ಒಂಟಿಯಾಗಿ ನಿಲ್ಲುವ ಆಟಗಾರ ಇನ್ನೊಬ್ಬನಿಲ್ಲ.

ಜಾನಿ ರಾಜರ್ಸ್ ಹೆಸರು ನನ್ನ ಬಾಯಲ್ಲಿ ನೀವು ಸಾಕಷ್ಟು ಸಲ ಕೇಳಿದ್ದೀರಿ. ಇನ್ನೊಂದು ಸಲ ಕೇಳಿ. ಇದೇ ಒಮಾಹಾದ ಹುಡುಗ, 1951ರಲ್ಲಿ ಹುಟ್ಟಿದವರು. 1970ರಿಂದ 1972ರವರೆಗೆ ನೆಬ್ರಾಸ್ಕಾ ವಿಶ್ವವಿದ್ಯಾಲಯಕ್ಕೆ ವಿಂಗ್‌ಬ್ಯಾಕ್ (ಅಂಚಿನ ಆಟಗಾರ) ಆಗಿ ಆಡಿದರು, ಪಂಟ್ ಹಿಡಿದು ಓಡುವ ಕೆಲಸವೂ ಅವರದೇ. ಎತ್ತರ ಆರಡಿಯೂ ಇಲ್ಲ. ನಂಬರ್ 20ರ ಜೆರ್ಸಿ. ಜನ ಕರೆದಿದ್ದು 'ದಿ ಜೆಟ್' ಅಂತ.

1971ರ ನವೆಂಬರ್ 25, ಥ್ಯಾಂಕ್ಸ್‌ಗಿವಿಂಗ್ ದಿನ, ಓಕ್ಲಹೋಮಾದ ನಾರ್ಮನ್ ಊರು. ಒಂದನೇ ನಂಬರಿನ ನೆಬ್ರಾಸ್ಕಾ, ಎರಡನೇ ನಂಬರಿನ ಓಕ್ಲಹೋಮಾ. 'ಶತಮಾನದ ಪಂದ್ಯ' ಅಂತ ಇವತ್ತಿಗೂ ಕರೆಯುವುದು ಅದನ್ನೇ. ಆಟ ಶುರುವಾಗಿ ಕೆಲವೇ ನಿಮಿಷ ಆಗಿದೆ, ಓಕ್ಲಹೋಮಾ ಪಂಟ್ ಮಾಡುತ್ತದೆ. ರಾಜರ್ಸ್ ಕೈ ಎತ್ತಲಿಲ್ಲ. ಚೆಂಡು ಹಿಡಿದ ಕ್ಷಣಕ್ಕೇ ಓಕ್ಲಹೋಮಾದ ಗ್ರೆಗ್ ಪ್ರುಯಿಟ್ ಬಂದು ಗುದ್ದಿದರು. ರಾಜರ್ಸ್ ಬಿದ್ದೇ ಬಿಟ್ಟರು ಅನ್ನಬೇಕು, ಆದರೆ ಬೀಳಲಿಲ್ಲ. ತತ್ತರಿಸಿದ ಕಾಲು ನೆಲ ಹಿಡಿಯಿತು. ಒಮ್ಮೆ ಬಲಕ್ಕೆ, ಥಟ್ಟನೆ ಎಡಕ್ಕೆ, ಆಮೇಲೆ ಅಂಚಿನ ಗೆರೆ ಹಿಡಿದು ಓಟವೇ ಓಟ. ಕೊನೆಯಲ್ಲಿ ನೆಬ್ರಾಸ್ಕಾದ ಜೋ ಬ್ಲಾಹಾಕ್ ಎದುರಾಳಿಯನ್ನು ಅಡ್ಡಗಟ್ಟಿ ಒಂದು ಬ್ಲಾಕ್ ಹಾಕಿದರು. ಅದು ನಿಯಮ ಮೀರಿದ್ದು ಅಂತ ಓಕ್ಲಹೋಮಾದವರು ಇವತ್ತಿಗೂ ವಾದ ಮಾಡುತ್ತಾರೆ. ಒಟ್ಟು 72 ಯಾರ್ಡ್ ಓಡಿ ಎದುರಾಳಿಯ ಕೊನೆಗೆರೆ ದಾಟಿದರು, ಅದೇ ಟಚ್‌ಡೌನ್.

ಆ ಮ್ಯಾಚ್ ಎಷ್ಟರಲ್ಲಿ ಮುಗಿಯಿತು ಗೊತ್ತಾ? 35-31, ಗೆದ್ದಿದ್ದು ನೆಬ್ರಾಸ್ಕಾ. ನಾಲ್ಕೇ ಪಾಯಿಂಟ್ ಅಂತರ. ನೀವು ಟೀ ಇಡಲು ಎದ್ದು ಹೋಗುವ ಆ ಒಂದು ಆಟದಿಂದ ಬಂದಿದ್ದು ಏಳು ಪಾಯಿಂಟ್! ನೆಬ್ರಾಸ್ಕಾದ ಜೆಫ್ ಕಿನ್ನಿ ನಾಲ್ಕು ಟಚ್‌ಡೌನ್ ಹೊಡೆದರು, ನಿಜ. ಕೊನೆಯದು ಬಂದಿದ್ದು 1 ನಿಮಿಷ 38 ಸೆಕೆಂಡ್ ಉಳಿದಿದ್ದಾಗ. ಆ ಕೊನೆಯ ಡ್ರೈವ್‌ನಲ್ಲೂ (ಚೆಂಡಿನೊಂದಿಗೆ ಸಾಗುವ ಮುನ್ನಡೆಯಲ್ಲೂ) ಮೂರನೇ ಡೌನ್‌ನಲ್ಲಿ ಸಿಕ್ಕಿಕೊಂಡಿದ್ದಾಗ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆದು ದಾಳಿ ನಡೆಸುವ ಆಟಗಾರ) ಜೆರಿ ಟ್ಯಾಗಿ ಎಸೆದ ಪಾಸ್ ಹಿಡಿದು ತಂಡವನ್ನು ಉಳಿಸಿದ್ದು ಇದೇ ರಾಜರ್ಸ್.

ಆ ಹಳೇ ಫಿಲ್ಮನ್ನು ನನಗೆ ಮೊದಲು ತೋರಿಸಿದ್ದು ಪಕ್ಕದ ಮನೆಯ ಅಜ್ಜ. ಇಲ್ಲಿಗೆ ಬಂದ ಮೊದಲ ಚಳಿಗಾಲ. ಮಾತಾಡಲು ಯಾರೂ ಇರಲಿಲ್ಲ, ಹೊರಗೆ ಕಾಲಿಡಲು ಆಗದಷ್ಟು ಹಿಮ. ಅವರು ಕರೆದು ಕೂರಿಸಿ, ಪ್ರುಯಿಟ್ ಗುದ್ದುವ ಜಾಗದಲ್ಲಿ ನಿಲ್ಲಿಸಿ, ಕಾಲು ನೋಡು, ಕಾಲು ಮಾತ್ರ ನೋಡು ಅನ್ನುತ್ತಿದ್ದರು. ಅವರು ಈಗಿಲ್ಲ. ಈ ಊರು ನನ್ನದು ಅಂತ ಮೊದಲ ಸಲ ಅನ್ನಿಸಿದ್ದು ಅವರ ಸೋಫಾ ಮೇಲೆ. ನನಗೆ ಇಷ್ಟು ಸಿಟ್ಟು ಬರಲು ಅದೂ ಒಂದು ಕಾರಣ ಇರಬೇಕು.

ನಮ್ಮ ಹುಡುಗ ಇನ್ನೊಂದು ಮಾತು ಹೇಳಿದ. 1972ರಲ್ಲಿ ರಾಜರ್ಸ್‌ಗೆ ವರ್ಷದ ಅತ್ಯುತ್ತಮ ಕಾಲೇಜ್ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಬಂದಿದ್ದು ಪಾಸ್ ಹಿಡಿದಿದ್ದಕ್ಕೆ, ರಿಟರ್ನ್ ಎಲ್ಲ ಮೇಲೋಗರ ಅಂತ. ಒಪ್ಪುವುದಿಲ್ಲ. ವಿಂಗ್‌ಬ್ಯಾಕ್ ಅಂದರೆ ಅಂಚಿನಲ್ಲಿ ನಿಂತು ಒಮ್ಮೆ ಪಾಸ್ ಹಿಡಿಯಬೇಕು, ಒಮ್ಮೆ ಚೆಂಡು ಕೈಗೆ ತೆಗೆದುಕೊಂಡು ಓಡಬೇಕು, ಒಮ್ಮೆ ಬೇರೆಯವರಿಗೆ ದಾರಿ ಬಿಡಿಸಬೇಕು. ಆ ಕೆಲಸ ಮಾಡಿದ ಕಾಲುಗಳೇ ಪಂಟ್ ಹಿಡಿದಾಗಲೂ ಓಡಿದ್ದು. ಮೂರು ಸೀಸನ್‌ಗಳಲ್ಲಿ ಎಲ್ಲ ಸೇರಿ 5,586 ಯಾರ್ಡ್, ಆ ಕಾಲದ ದಾಖಲೆ. ಇದರಲ್ಲಿ ರಿಟರ್ನ್ ಬೇರೆ, ಕ್ಯಾಚ್ ಬೇರೆ ಅಂತ ಗೆರೆ ಎಳೆದು ಒಂದು ಭಾಗವನ್ನು ಬಿಸಾಕುವುದು ಯಾವ ನ್ಯಾಯ? ಇಪ್ಪತ್ತು ಯಾರ್ಡ್ ರಿಟರ್ನ್ ಅಂದರೆ ಎರಡು ಫಸ್ಟ್ ಡೌನ್‌ನಷ್ಟು ದಾರಿ. ಕ್ವಾರ್ಟರ್‌ಬ್ಯಾಕ್ ಅಷ್ಟು ಕಡಿಮೆ ದೂರ ಸಾಗಿದರೆ ಸಾಕು. ಹೊಗಳಿಕೆ ಮಾತ್ರ ಪೂರ್ತಿ ಅವನಿಗೇ. ಅಂದಹಾಗೆ ಆ ವರ್ಷ ಹೈಸ್ಮನ್‌ನಲ್ಲಿ ಎರಡನೇ ಸ್ಥಾನಕ್ಕೆ ಬಂದವರು ಅದೇ ಗ್ರೆಗ್ ಪ್ರುಯಿಟ್.

1973ರ ಜನವರಿ 1ರ ಆರೆಂಜ್ ಬೌಲ್ ಪಂದ್ಯ ಬೇರೆ ಇದೆಯಲ್ಲ. ನೆಬ್ರಾಸ್ಕಾ ಕೋಚ್ ಬಾಬ್ ಡೆವೇನಿ ಅವರ ಕೊನೇ ಮ್ಯಾಚ್, ಎದುರಿಗೆ ನೋಟ್ರ ಡೇಮ್. ರಾಜರ್ಸ್‌ರನ್ನು ಐ-ಬ್ಯಾಕ್ ಜಾಗದಲ್ಲಿ, ಅಂದರೆ ಕ್ವಾರ್ಟರ್‌ಬ್ಯಾಕ್ ಹಿಂದೆ ನಿಂತು ಚೆಂಡು ಹೊತ್ತು ಓಡುವವನ ಜಾಗದಲ್ಲಿ, ನಿಲ್ಲಿಸಿದರು. ತಾನೇ ನಾಲ್ಕು ಟಚ್‌ಡೌನ್ ಮಾಡಿ, ಐದನೆಯದಕ್ಕೆ ಪಾಸ್ ಎಸೆದರು. 40-6ರ ಗೆಲುವು.

ಅವರ ಬದುಕಿನ ಕಪ್ಪು ಚುಕ್ಕೆಯನ್ನು ನಾನು ಮುಚ್ಚಿಡುವುದಿಲ್ಲ. 1970ರಲ್ಲಿ, ಹದಿಹರೆಯದಲ್ಲಿ, ಪೆಟ್ರೋಲ್ ಬಂಕ್ ಒಂದರ ದರೋಡೆಯಲ್ಲಿ ಸೇರಿದ್ದರು, ಪ್ರೊಬೇಷನ್ ಆಯಿತು. ಹೈಸ್ಮನ್ ಹೊತ್ತಿಗೆ ಅದರ ಚರ್ಚೆ ಜೋರಾಗಿಯೇ ನಡೆಯಿತು. 2013ರಲ್ಲಿ ನೆಬ್ರಾಸ್ಕಾ ರಾಜ್ಯ ಕ್ಷಮಾದಾನ ಕೊಟ್ಟಿತು. ತಪ್ಪು ತಪ್ಪೇ. ಅದಕ್ಕೂ ಮೈದಾನದ ಲೆಕ್ಕಕ್ಕೂ ಸಂಬಂಧವಿಲ್ಲ.

ಆಮೇಲೆ ಕೆನಡಾದ ಮಾಂಟ್ರಿಯಲ್‌ಗೆ ಹೋದರು. ಮೊದಲ ವರ್ಷವೇ ಅಲ್ಲಿನ ಲೀಗಿನ ಅತ್ಯುತ್ತಮ ಹೊಸ ಆಟಗಾರ, 1974ರಲ್ಲಿ ತಂಡಕ್ಕೆ ಆ ಲೀಗಿನ ಚಾಂಪಿಯನ್ ಪಟ್ಟ, ಗ್ರೇ ಕಪ್. ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಸ್ಯಾನ್ ಡಿಯಾಗೋ ಚಾರ್ಜರ್ಸ್‌ಗೆ ಬರುವ ಹೊತ್ತಿಗೆ ಗಾಯಗಳು ಬಿಡಲಿಲ್ಲ. ಎರಡೇ ಸೀಸನ್, ಮುಗೀತು. ಎನ್‌ಎಫ್‌ಎಲ್‌ನಲ್ಲಿ ಏನು ಕಿತ್ತರು ಅಂತ ಕೇಳುವವರಿಗೆ ನನ್ನ ಹತ್ತಿರ ಸಮಯವಿಲ್ಲ. ಕಾಲೇಜಿನಲ್ಲಿ ಆಡಿದ್ದು ಆಟವೇ.

ಇನ್ನು ಸುರಕ್ಷತೆಯ ಮಾತು. ಆಟ ಶುರು ಮಾಡುವ ಒದೆತದಲ್ಲಿ, ಅಂದರೆ ಕಿಕಾಫ್‌ನಲ್ಲಿ, ಎರಡೂ ಕಡೆಯವರು ದೂರದಿಂದ ಓಡಿಬಂದು ತಲೆಗೆ ತಲೆ ಡಿಕ್ಕಿ ಹೊಡೆಯುವುದು ಅಪಾಯವೇ. 2018ರಲ್ಲಿ ಕಾಲೇಜ್ ಆಟದಲ್ಲಿ ನಿಯಮ ಬದಲಿಸಿ, ಕಿಕಾಫನ್ನು ತಮ್ಮ 25ನೇ ಯಾರ್ಡ್ ಗೆರೆಯ ಒಳಗೆ ಫೇರ್ ಕ್ಯಾಚ್ ಹಿಡಿದರೂ ಆ ಗೆರೆಯಿಂದಲೇ ಶುರು ಮಾಡಬಹುದು ಅಂದರು. ಸರಿ, ಎಲ್ಲಕ್ಕಿಂತ ಮಕ್ಕಳ ತಲೆ ಮುಖ್ಯ, ನಾನು ಅದಕ್ಕೆ ಅಡ್ಡ ಬರುವುದಿಲ್ಲ. ಆದರೆ ಅಪಾಯ ಇದೆ ಅನ್ನುವುದು ಆ ಕೆಲಸ ಸುಲಭ ಅನ್ನುವುದಕ್ಕೆ ಸಾಕ್ಷಿ ಹೇಗಾಗುತ್ತದೆ? ಅಪಾಯ ಜಾಸ್ತಿ ಇದ್ದಷ್ಟೂ ಅಲ್ಲಿ ನಿಂತವನಿಗೆ ಗೌರವ ಜಾಸ್ತಿ ಸಿಗಬೇಕಲ್ವಾ?

ಸಿಗುವುದಿಲ್ಲ. ರಿಟರ್ನ್‌ನಿಂದಲೇ ಹೆಸರು ಮಾಡಿದ ಡೆವಿನ್ ಹೆಸ್ಟರ್ ಅವರನ್ನು ಪ್ರೊ ಫುಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು 2024ರಲ್ಲಿ. ಆ ಥರದ ಆಟಗಾರನಿಗೆ ಅಲ್ಲಿ ಜಾಗ ಸಿಕ್ಕಿದ್ದು ಅದೇ ಮೊದಲು. ಅಷ್ಟು ದಶಕ ಬೇಕಾಯಿತು! ಕಾಲೇಜಿನ ಅತ್ಯುತ್ತಮ ರಿಟರ್ನರ್‌ಗೆ ರಾಜರ್ಸ್ ಹೆಸರಿನಲ್ಲೇ ಜೆಟ್ ಅವಾರ್ಡ್ ಕೊಡುತ್ತಾರೆ. ನಮ್ಮ ಗುಂಪಿನಲ್ಲಿ ಎಷ್ಟು ಜನಕ್ಕೆ ಗೊತ್ತು ಅಂತ ಅವತ್ತು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಈ ಊರಲ್ಲೇ ಇದ್ದುಕೊಂಡು!

1971ರ ಆ ಮ್ಯಾಚ್ ಯೂಟ್ಯೂಬ್‌ನಲ್ಲಿ ಹುಡುಕಿದರೆ ಸಿಗುತ್ತದೆ. ಪೂರ್ತಿ ನೋಡಲು ಪುರುಸೊತ್ತಿಲ್ಲದಿದ್ದರೆ ಮೊದಲ ಪಂಟ್ ರಿಟರ್ನ್ ಒಂದನ್ನಾದರೂ ನೋಡಿ. ಪ್ರುಯಿಟ್ ಗುದ್ದುವಲ್ಲಿ ನಿಲ್ಲಿಸಿ, ಹಿಂದೆ ಹೋಗಿ, ಮತ್ತೆ ನೋಡಿ. ಆಮೇಲೂ 'ಅಷ್ಟೇ ತಾನೆ' ಅನ್ನಿಸಿದರೆ ಕೆಳಗೆ ಕಾಮೆಂಟ್ ಹಾಕಿ. ಒಬ್ಬೊಬ್ಬರಿಗೂ ಉತ್ತರ ಕೊಡುತ್ತೇನೆ.