ಲಾನಿ ಜಾನ್ಸನ್‌ನ ಬರೀ ಬ್ಲೂಸ್‌ನವ್ನು ಅನ್ಬೇಡಿ

ಗೆಳೆಯ ಒಬ್ಬ ಕಳ್ಸಿದ ವಿಡಿಯೋ ನೋಡಿದಾಗಿಂದ ತಲೆ ಕೆಟ್ಟಿದೆ. ಜಾಝ್ ಗಿಟಾರ್ ಚರಿತ್ರೆ ಅಂತೆ, ಶುರುವಾಗೋದೇ ಚಾರ್ಲಿ ಕ್ರಿಶ್ಚಿಯನ್ ಅನ್ನೋ ಗಿಟಾರ್ ವಾದಕನಿಂದ, ಅವ್ನಿಗಿಂತ ಮುಂಚೆಯೇ ಗಿಟಾರ್ ನುಡಿಸಿ ಹಾಡ್ತಿದ್ದ ಲಾನಿ ಜಾನ್ಸನ್ ಹೆಸರೇ ಇಲ್ಲ. ಯಾಕೋ ಅಂದ್ರೆ "ಅವ್ನು ಬ್ಲೂಸ್‌ನವ್ನಲ್ವಾ" ಅಂತಾನೆ, ಅಂದ್ರೆ ಅಮೆರಿಕದ ಕರಿಯರ ನೋವಿನ ಹಾಡು ಹಾಡೋನು ಅಷ್ಟೇ ಅಂತ.

ಅಲ್ರೀ, 1927ರ ಡಿಸೆಂಬರ್‌ನಲ್ಲಿ ಶಿಕಾಗೋದಲ್ಲಿ ಜಾಝ್‌ನ ದೊಡ್ಡ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್‌ನ ಹಾಟ್ ಫೈವ್ ತಂಡದ ಜೊತೆ ಕೂತು ನುಡಿಸಿದ್ದು ಯಾರು? "ಹಾಟರ್ ದ್ಯಾನ್ ದಟ್" ಹಾಕ್ಕೊಂಡು ಕೇಳಿ, ಆರ್ಮ್‌ಸ್ಟ್ರಾಂಗ್ ಮಾತಿಲ್ದೆ ಬರೀ ಸ್ವರದಲ್ಲಿ ಒಂದೊಂದು ತುಣುಕು ಹಾಡ್ತಾನೆ, ಲಾನಿ ಗಿಟಾರಲ್ಲಿ ತಕ್ಷಣ ಉತ್ತರ ಕೊಡ್ತಾನೆ, ಒಂದು ಕ್ಷಣಾನೂ ತಡವರಿಸಲ್ಲ. ಮುಂದಿನ ವರ್ಷ ಜಾಝ್‌ನ ಇನ್ನೊಬ್ಬ ದಿಗ್ಗಜ ಡ್ಯೂಕ್ ಎಲಿಂಗ್ಟನ್‌ನ ಆರ್ಕೆಸ್ಟ್ರಾ ಜೊತೆ "ದಿ ಮೂಚ್" ರೆಕಾರ್ಡ್ ಮಾಡಿದ. ಅಂಥವ್ರು ಕರೆದು ಪಕ್ಕ ಕೂರಿಸ್ಕೊಂಡ ಮನುಷ್ಯ ಜಾಝ್‌ನವ್ನಲ್ವಂತೆ!

1928-29ರಲ್ಲಿ ಎಡ್ಡಿ ಲ್ಯಾಂಗ್ ಅನ್ನೋ ಗಿಟಾರ್ ವಾದಕನ ಜೊತೆಗಿನ ಜುಗಲ್‌ಬಂದಿಗಳಂತೂ ಬೇರೇನೇ ಲೋಕ. ಲ್ಯಾಂಗ್ ಬಿಳಿಯ, ಲಾನಿ ಕರಿಯ, ಆ ಕಾಲದ ಅಮೆರಿಕದಲ್ಲಿ ಇಬ್ಬರ ಹೆಸರೂ ಒಟ್ಟಿಗೆ ಹಾಕೋ ಹಾಗಿಲ್ಲ, ಅದಕ್ಕೆ ರೆಕಾರ್ಡ್ ಮೇಲೆ ಲ್ಯಾಂಗ್ ಹೆಸರನ್ನ ಬ್ಲೈಂಡ್ ವಿಲ್ಲಿ ಡನ್ ಅಂತ ಬದಲಾಯಿಸಿದ್ರು. ಲ್ಯಾಂಗ್ ಕೆಳಗೆ ಕಾರ್ಡ್ಸ್ (ಒಟ್ಟಿಗೆ ನುಡಿಸೋ ಸ್ವರಗಳು) ಹಿಡ್ಕೊಂಡಿದ್ರೆ ಲಾನಿ ಮೇಲೆ ಒಂದೊಂದೇ ತಂತಿ ಮೀಟ್ತಾ ಹರಿದುಹೋಗ್ತಾನೆ. ಅಪ್ಪ ತೀರ್ಕೊಂಡ ವರ್ಷ ನನಗೆ ರಾತ್ರಿ ನಿದ್ದೆ ಬರ್ತಿರ್ಲಿಲ್ಲ, ಆಗ ಕೇಳ್ತಿದ್ದದ್ದು ಇವನ್ನೇ, ಅದಕ್ಕೇ ಯಾರಾದ್ರೂ ಹಗುರವಾಗಿ ಮಾತಾಡಿದ್ರೆ ನಂಗೆ ತಡ್ಕೊಳಕ್ಕಾಗಲ್ಲ.

ಕ್ರಿಶ್ಚಿಯನ್ 1939ರಲ್ಲಿ ಬೆನ್ನಿ ಗುಡ್‌ಮನ್‌ನ ಜಾಝ್ ತಂಡದ ಜೊತೆ ಎಲೆಕ್ಟ್ರಿಕ್ ಗಿಟಾರ್ ಹಿಡಿದಮೇಲೇ ಎಲ್ಲಾ ಬದಲಾಗಿದ್ದು ಅಂತೀರಾ, ಸರಿ, ಅವ್ನು ದೊಡ್ಡವ್ನೇ. ಆದ್ರೆ ಗಿಟಾರ್ ತಾಳಕ್ಕಷ್ಟೇ ಅಲ್ಲ, ಟ್ರಂಪೆಟ್‌ಗೆ ಸಮವಾಗಿ ನಿಂತು ಮಾತಾಡುತ್ತೆ ಅಂತ ಅದಕ್ಕೂ ಹನ್ನೆರಡು ವರ್ಷ ಮುಂಚೆ ರೆಕಾರ್ಡಲ್ಲಿ ಇದೆಯಲ್ಲ, ಕಿವಿ ಬೇಡ್ವಾ?

ಬದುಕಿದ್ದಾಗ್ಲೂ ಇದೇ ಪಾಡು. 1925ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಬ್ಲೂಸ್ ಸ್ಪರ್ಧೆ ಗೆದ್ದು ಓಕೆ ಅನ್ನೋ ರೆಕಾರ್ಡ್ ಕಂಪನಿ ಸೇರಿದ, ಅವ್ರು ಬ್ಲೂಸ್‌ನವ್ನು ಅಂತ ಮುದ್ರೆ ಒತ್ತಿದ್ರು, ಆ ಮುದ್ರೆ ಕೊನೇವರೆಗೂ ಅಳಿಸಲೇ ಇಲ್ಲ. 1948ರಲ್ಲಿ "ಟುಮಾರೋ ನೈಟ್" ಅಂತ ಮೆತ್ತಗಿನ ಪ್ರೇಮಗೀತೆ ಹಾಡಿ ರಿದಮ್ ಅಂಡ್ ಬ್ಲೂಸ್ ಹಿಟ್ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋದ, ಆದ್ರೂ ಹತ್ತೇ ವರ್ಷದಲ್ಲಿ ಫಿಲಡೆಲ್ಫಿಯಾದ ಹೋಟೆಲಲ್ಲಿ ಕಸ ಗುಡಿಸೋ ಕೆಲಸ. ಅಲ್ಲಿಂದ ಕ್ರಿಸ್ ಆಲ್ಬರ್ಟ್‌ಸನ್ ಅನ್ನೋ ರೇಡಿಯೋದವ್ರು ಹುಡುಕಿ ಮತ್ತೆ ಸ್ಟುಡಿಯೋಗೆ ಕರ್ಕೊಂಡು ಬಂದ್ರು. ಬಂದ ಹೊಸ ಕೇಳುಗರಿಗೋ ಹಳೇ ಒರಟು ಬ್ಲೂಸೇ ಬೇಕು, ಇವ್ನಿಗೆ ಬ್ಯಾಲಡ್, ಅಂದ್ರೆ ಮೆತ್ತಗಿನ ಪ್ರೇಮಗೀತೆ ಹಾಡೋ ಆಸೆ. 1960ರಲ್ಲಿ ಗಿಟಾರ್ ವಾದಕ ಎಲ್ಮರ್ ಸ್ನೋಡನ್ ಜೊತೆ ಮಾಡಿದ ಆಲ್ಬಮ್ ಹೆಸರೇ "ಬ್ಲೂಸ್ ಅಂಡ್ ಬ್ಯಾಲಡ್ಸ್", ಅದರಲ್ಲಿ ಎರಡೂ ಅವ್ನಿಗೆ ಎಷ್ಟು ಸಲೀಸು ಅಂತ ಗೊತ್ತಾಗುತ್ತೆ.

ಬ್ಲೂಸ್ ಗಿಟಾರ್‌ನ ದೊಡ್ಡ ಹೆಸರು ಬಿ.ಬಿ. ಕಿಂಗ್ ತನ್ನ ಮೇಲೆ ಪ್ರಭಾವ ಬೀರಿದವ್ರಲ್ಲಿ ಲಾನಿ ಹೆಸರನ್ನ ಜೀವನಪೂರ್ತಿ ಹೇಳ್ಕೊಂಡು ಬಂದ್ರು. ಬ್ಲೂಸ್‌ನವ್ರು ಹೀಗೆ ನೆನೆಸ್ಕೊಂಡ್ರು, ಜಾಝ್ ಚರಿತ್ರೆ ಬರೆಯೋರಿಗೆ ಏನಾಗಿದೆ ರೋಗ?