ವಿಲ್ ಹ್ಯಾವ್ ಬೀನ್ ಕಟ್ಟಿಂಗ್!

ಇಂಗ್ಲಿಷ್ ವ್ಯಾಕರಣದ ಹನ್ನೆರಡು ಟೆನ್ಸ್‌ಗಳಲ್ಲಿ ಕೊನೆಯದಕ್ಕೆ ಯಾವತ್ತೂ ಮರ್ಯಾದೆ ಸಿಕ್ಕಿದ್ದಿಲ್ಲ. ಫ್ಯೂಚರ್ ಪರ್ಫೆಕ್ಟ್ ಕಂಟಿನ್ಯುಯಸ್ ಅಂತ ಅದರ ಹೆಸರು. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಬೆಲ್ ಹೊಡೆಯುತ್ತದೆ. "ಇದು ಪರೀಕ್ಷೆಗೆ ಬರಲ್ಲ, ಬಿಡ್ರೋ" ಅಂತ ಮೇಷ್ಟ್ರೂ ಪುಟ ತಿರುವಿಬಿಡುತ್ತಾರೆ. ಪಾಪ, ಅವರಾದರೂ ಏನು ಮಾಡಿಯಾರು? ಒಳ್ಳೇ ಉದಾಹರಣೆ ಸಿಗಬೇಕಲ್ವಾ.

ಬೆಂಗಳೂರಿಗೆ ಬನ್ನಿ ಮೇಷ್ಟ್ರೇ, ಈಜಿಪುರ ಫ್ಲೈಓವರ್ ಹತ್ತಿರ ಕ್ಲಾಸ್ ಇಟ್ಟುಕೊಳ್ಳೋಣ. ವರ್ಷಗಟ್ಟಲೆ ಅಲ್ಲಿ ಎಷ್ಟೋ ಕಂಬಗಳು ಸುಮ್ನೆ ಆಕಾಶ ನೋಡುತ್ತಾ ನಿಂತಿದ್ದವು.

ಮುಂದೊಂದು ದಿನಕ್ಕೆ ಇಷ್ಟು ಕಾಲದಿಂದ ಕೆಲಸ ನಡೆಯುತ್ತಲೇ ಇರುತ್ತದೆ ಅನ್ನುವ ಈ ಟೆನ್ಸ್‌ಗೆ ಸಾಮಾನ್ಯವಾಗಿ ಬೇಕಾಗುವುದು ಎರಡು ಸಾಮಾನು. 'ಬೈ' ಅಂದರೆ ಗಡುವು. 'ಫಾರ್' ಅಂದರೆ ಅಲ್ಲಿಯವರೆಗೆ ಕಳೆದ ಕಾಲ. ಎರಡೂ ಸರ್ಕಾರಿ ಉಗ್ರಾಣದಲ್ಲಿ ದಂಡಿಯಾಗಿವೆ. ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಆ ಸೇತುವೆಯ ಕೆಲಸ 2017ರಲ್ಲಿ ಶುರುವಾಯಿತು. 2019ಕ್ಕೆ ಮುಗಿಯಬೇಕಿತ್ತು. 2022ರಲ್ಲಿ ಗುತ್ತಿಗೆ ರದ್ದಾಯಿತು, 2023ರಲ್ಲಿ ಹೊಸ ಗುತ್ತಿಗೆದಾರರು ಬಂದರು. 'ಬೈ' ಮುಂದೆ ಮುಂದೆ ಹೋಯಿತು, 'ಫಾರ್' ಉದ್ದವಾಯಿತು. ಕೆಲಸ ಶುರುವಾದ ವರ್ಷ ಹುಟ್ಟಿದ ಮಕ್ಕಳು 2025ಕ್ಕೆ ಮಗ್ಗಿ ಹೇಳುತ್ತಿದ್ದರು, ಸೇತುವೆ ಮಾತ್ರ ಮುಗಿದಿರಲಿಲ್ಲ. "ಬೈ 2025, ದೇ ವಿಲ್ ಹ್ಯಾವ್ ಬೀನ್ ಬಿಲ್ಡಿಂಗ್ ಇಟ್ ಫಾರ್ ಏಟ್ ಇಯರ್ಸ್" ಅಂತ ಯಾವನಾದರೂ ಹುಡುಗ 2017ರಲ್ಲೇ ಬರೆದಿದ್ದರೆ ಪೂರ್ತಿ ಅಂಕ ಕೊಡಬೇಕಿತ್ತು. ವ್ಯಾಕರಣಕ್ಕೂ, ಜ್ಯೋತಿಷ್ಯಕ್ಕೂ.

ಗಡುವು ಘೋಷಿಸುವವರಿಗೆ ಇಷ್ಟವಾಗುವುದು ಇದರ ಅಣ್ಣ, ಬರೀ ಫ್ಯೂಚರ್ ಪರ್ಫೆಕ್ಟ್. ಆ ದಿನಕ್ಕೆ ಕೆಲಸ ಮುಗಿದಿರುತ್ತದೆ ಅನ್ನುತ್ತದೆ ಅದು. ಕಂಟಿನ್ಯುಯಸ್ ಪಾಪದ್ದು, ಆ ದಿನಕ್ಕೂ ಅಗೆಯುತ್ತಲೇ ಇರುತ್ತೇವೆ ಅಂತ ನಿಜ ಒಪ್ಪಿಕೊಂಡುಬಿಡುತ್ತದೆ.

ಆದರೆ ಅದು ಆಫೀಸಿನ ಒಳಗೆ ಕಾಲಿಡದಿರಲು ಕಾರಣ ಬೇರೆಯೇ ಇದೆ ಅಂತ ನನ್ನ ಗುಮಾನಿ. ಇದಕ್ಕೆ ಪ್ಯಾಸಿವ್ ವಾಯ್ಸ್ ಇಲ್ಲ ಅಂತಲೇ ಶಾಲೆಯಲ್ಲಿ ಹೇಳಿಕೊಡುತ್ತಾರೆ. 'ವಿಲ್ ಹ್ಯಾವ್ ಬೀನ್ ಬೀಯಿಂಗ್ ಬಿಲ್ಟ್' ಅಂದು ನೋಡಿ, ನಾಲಿಗೆ ಉಳುಕುತ್ತದೆ. ಪ್ಯಾಸಿವ್ ಇಲ್ಲದೆ ಸರ್ಕಾರಿ ಪತ್ರ ಉಂಟೇ? "ಗಮನಕ್ಕೆ ತರಲಾಗಿದೆ." "ಸೂಕ್ತ ಕ್ರಮ ಕೈಗೊಳ್ಳಲಾಗುವುದು." ತಂದವರು ಯಾರು, ಕೈಗೊಳ್ಳುವವರು ಯಾರು, ಎಲ್ಲೂ ಇಲ್ಲ. ಫೈಲು ತಾನೇ ಎದ್ದು ನಡೆಯುತ್ತದೆ, ಸುಸ್ತಾದರೆ ತಾನೇ ಕೂರುತ್ತದೆ. ಈ ಹಾಳು ಟೆನ್ಸ್‌ನಲ್ಲಿ ಹಾಗಾಗಲ್ಲ. ಕರ್ತೃ ಮೊದಲೇ ಬಂದು ಕೈಕಟ್ಟಿ ನಿಲ್ಲಬೇಕು: ಇಂಥವರು, ಇಷ್ಟು ವರ್ಷದಿಂದ, ಕಟ್ಟುತ್ತಲೇ ಇರುತ್ತಾರೆ.

ಇಂಥವರು ಅಂದರೆ ಯಾರು ಸ್ವಾಮಿ?

ಪರಿಶೀಲಿಸಲಾಗುತ್ತಿದೆ.