ಹೊಸ ಪೀಸ್ ಆದರೂ ಗುಜರಿಯೇ

ಪೀಣ್ಯದಲ್ಲಿ ಮಷೀನ್ ಶಾಪ್ ನಡೆಸುವ ಗೆಳೆಯರೊಬ್ಬರ ಜೊತೆ ಮೊನ್ನೆ ಜೋರು ವಾದ ಆಯಿತು. ವಿಮಾನದ ಬಿಡಿಭಾಗ 100 ಬೇಕು ಅಂತ ಆರ್ಡರ್ ಬಂದರೆ, ರಿಜೆಕ್ಷನ್ ಆದೀತು ಅಂತ ನಾಲ್ಕಾರು ಜಾಸ್ತಿ ಮಾಡಿಡುತ್ತಾರೆ. ಎಲ್ಲವೂ ಸರಿ ಬಂದರೆ ಆ ಜಾಸ್ತಿ ಪೀಸುಗಳು ಕಪಾಟಿನಲ್ಲೇ ಉಳಿಯುತ್ತವೆ. "ಅದೇ ಮಷೀನು, ಅದೇ ಮೆಟೀರಿಯಲ್ಲು. ಬೇರೆಯವರಿಗೆ ಮಾರಿದ್ರೆ ಏನ್ ತಪ್ಪು ಸಾರ್?" ಅಂದರು.

ತಪ್ಪೇ. ಡ್ರಾಯಿಂಗ್ ನಮ್ಮದಲ್ಲ, ಕಸ್ಟಮರ್‌ದು. ಅದಕ್ಕಿಂತ ದೊಡ್ಡ ಮಾತು ರಿಲೀಸ್ ಸರ್ಟಿಫಿಕೇಟ್‌ದು, ಅಂದರೆ ಈ ಭಾಗವನ್ನು ವಿಮಾನಕ್ಕೆ ಹಾಕಬಹುದು ಅನ್ನೋ ಪತ್ರ. ಅಮೆರಿಕದಲ್ಲಿ ಅದರ ಹೆಸರು ಫಾರ್ಮ್ 8130-3, ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ ಈಸಾದಲ್ಲಿ ಈಸಾ ಫಾರ್ಮ್ 1, ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎಯಲ್ಲಿ ಸಿಎ ಫಾರ್ಮ್ 1. ಅನುಮತಿ ಪಡೆದ ಸಂಸ್ಥೆ ಮಾತ್ರ ಕೊಡಬಹುದಾದ ಕಾಗದ ಇದು. ನಮ್ಮ ಲೆಟರ್‌ಹೆಡ್ಡಲ್ಲಿ ಎಷ್ಟು ಚೆನ್ನಾಗಿ ಬರೆದುಕೊಟ್ಟರೂ ನಡೆಯಲ್ಲ.

ಕಾಗದಕ್ಕೆ ಇಷ್ಟೊಂದು ಮರ್ಯಾದೆ ಯಾಕೆ? ಕಣ್ಣಿಗೆ ಕಾಣದ್ದು ಅದರ ಹಿಂದಿನ ದಾಖಲೆಯಲ್ಲಿ ಇರುತ್ತದೆ. ಕ್ಯಾಡ್ಮಿಯಂ ಪ್ಲೇಟಿಂಗ್ ಆದ ಗಟ್ಟಿ ಸ್ಟೀಲ್ ಬೋಲ್ಟನ್ನು ಓವನ್‌ನಲ್ಲಿ ಸರಿಯಾಗಿ ಬಿಸಿ ಮಾಡದಿದ್ದರೆ, ಒಳಗೆ ಸೇರಿದ ಹೈಡ್ರೋಜನ್ ಅದನ್ನು ಪೆಡಸು ಮಾಡುತ್ತದೆ. ವರ್ನಿಯರ್ ಹಿಡಿದು ಅಳೆದರೆ ಬಿಸಿ ಮಾಡಿದ್ದು, ಮಾಡದ್ದು ಎರಡೂ ಒಂದೇ ಅಳತೆ. ಬಳಸಿದ ಭಾಗಗಳದ್ದು ಇನ್ನೂ ಕಷ್ಟ. ಎಂಜಿನ್ ಒಳಗೆ ತಿರುಗುವ ಡಿಸ್ಕ್‌ನಂಥವಕ್ಕೆ ಆಯಸ್ಸು ನಿಗದಿಯಾಗಿರುತ್ತದೆ. ಮೊದಲ ಹಾರಾಟದಿಂದ ಇಲ್ಲಿವರೆಗಿನ ಲೆಕ್ಕ ಬೇಕು. ನಡುವೆ ಒಂದು ಕೊಂಡಿ ತಪ್ಪಿದರೆ ಎಷ್ಟೇ ಫಳಫಳ ಅಂದರೂ ಅದು ಗುಜರಿ.

1989ರಲ್ಲಿ ನಾರ್ವೆಯಿಂದ ಹೊರಟ ಪಾರ್ಟ್‌ನೇರ್ ಕಂಪನಿಯ ವಿಮಾನ ಡೆನ್ಮಾರ್ಕ್ ಹತ್ತಿರ ಸಮುದ್ರಕ್ಕೆ ಬಿತ್ತು. 55 ಜನ ಸತ್ತರು. ಬಾಲವನ್ನು ಹಿಡಿದಿದ್ದ ಬೋಲ್ಟ್‌ಗಳಲ್ಲಿ ನಕಲಿ ಇದ್ದದ್ದು ತನಿಖೆಯಲ್ಲಿ ಗೊತ್ತಾಯಿತು. ಹಳೇ ಕಾಲದ ಕಥೆ ಅಂದ್ಕೋಬೇಡಿ. 2023ರಲ್ಲಿ ಲಂಡನ್ನಿನ ಎಓಜಿ ಟೆಕ್ನಿಕ್ಸ್ ಅನ್ನೋ ಕಂಪನಿ ಸುಳ್ಳು ಸರ್ಟಿಫಿಕೇಟ್ ಹಚ್ಚಿ ಸಿಎಫ್‌ಎಂ56 ಎಂಜಿನ್ ಭಾಗಗಳನ್ನು ಮಾರಿದ್ದು ಬಯಲಾಯಿತು. ಹಲವು ಏರ್‌ಲೈನ್‌ಗಳು ಎಂಜಿನ್ ಬಿಚ್ಚಿ ಹುಡುಕಬೇಕಾಯಿತು.

"ಹಂಗಾದ್ರೆ ಗುಜರಿಗೇ ಹಾಕ್ತೀನಿ ಬಿಡಿ" ಅಂದರು ಗೆಳೆಯರು. ಅದೂ ಸುಮ್ನೆ ಹಾಕೋ ಹಾಗಿಲ್ಲ. ಕೆಂಪು ಪೇಂಟ್ ಬಳಿಯೋದು, ಸಣ್ಣ ತೂತು ಕೊರೆಯೋದು, ಎರಡು ತುಂಡು ಮಾಡೋದು, ಇದ್ಯಾವುದೂ ಸಾಲದು ಅಂತ ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ ಸ್ಪಷ್ಟವಾಗಿ ಹೇಳುತ್ತದೆ. ಯಾರೋ ಬೆಸುಗೆ ಹಾಕಿ, ಪಾಲಿಶ್ ಮಾಡಿ, ಮತ್ತೆ ಮಾರುಕಟ್ಟೆಗೆ ತರಬಾರದು. ಅಷ್ಟು ಕೆಡಿಸಬೇಕು. ಶಿವಾಜಿನಗರದಲ್ಲಿ ಕಾರಿನ ಬಿಡಿಭಾಗ ಕೊಳ್ಳುವ ನಮಗೆ ಇದು ಅತಿ ಅನ್ನಿಸುತ್ತೆ, ಅಲ್ವಾ? ಆದರೆ ಕಾರು ಕೆಟ್ಟರೆ ರಸ್ತೆ ಪಕ್ಕ ನಿಲ್ಲಿಸಬಹುದು.

ಇನ್ನು ಕೆಲವು ಭಾಗ ಸಾಗಿಸೋದೇ ಅಪಾಯ. 1996ರಲ್ಲಿ ವ್ಯಾಲ್ಯೂಜೆಟ್ ವಿಮಾನದ ಸರಕಿನಲ್ಲಿ ಅವಧಿ ಮುಗಿದ ಆಕ್ಸಿಜನ್ ಜನರೇಟರ್‌ಗಳಿದ್ದವು, ಅಂದರೆ ಪ್ರಯಾಣಿಕರ ಮಾಸ್ಕಿಗೆ ಆಮ್ಲಜನಕ ಕೊಡುವ, ಚಾಲೂ ಆದರೆ ತುಂಬಾ ಬಿಸಿಯಾಗುವ ಡಬ್ಬಿಗಳು. ಸೇಫ್ಟಿ ಕ್ಯಾಪ್ ಹಾಕಿರಲಿಲ್ಲ. ಬೆಂಕಿ ಹತ್ತಿ 110 ಜನ ಹೋದರು. ಹೊರದೇಶಕ್ಕೆ ಮಾರುವವರು ಸ್ಕೋಮೆಟ್ ಪಟ್ಟಿಯನ್ನೂ (ರಫ್ತಿಗೆ ಸರ್ಕಾರದ ನಿಯಂತ್ರಣ ಇರುವ ಸಾಮಾನು, ತಂತ್ರಜ್ಞಾನಗಳ ಪಟ್ಟಿ) ನೋಡಲೇಬೇಕು. ಅದರಲ್ಲಿರುವ ಭಾಗಕ್ಕೆ ಪರವಾನಗಿ ಇಲ್ಲದೆ ರಫ್ತು ಮಾಡಿದರೆ ಕೇಸು ಗ್ಯಾರಂಟಿ.

ಗೆಳೆಯರ ನಷ್ಟ ನಿಜ. ಟೈಟಾನಿಯಂ ಬೆಲೆ ನನಗೂ ಗೊತ್ತು. ಅದಕ್ಕೆ ನನ್ನ ಸಲಹೆ: ಜಾಸ್ತಿ ಬಂದ ಪೀಸುಗಳನ್ನು ಕಸ್ಟಮರ್ ತಗೋತಾರೋ, ಕೆಡಿಸುವ ಖರ್ಚು ಕೊಡ್ತಾರೋ ಅನ್ನೋದನ್ನು ಕೊಟೇಶನ್ನಿನಲ್ಲೇ ಬರೆಸಿಕೊಳ್ಳಿ. ಪೀಸ್ ಕಪಾಟಿಗೆ ಸೇರಿದ ಮೇಲೆ ಯಾರೂ ಫೋನ್ ಎತ್ತಲ್ಲ.